ಹತ್ತನೆಯ ಮೆಟ್ಟಿಲು

ಪೆರಾಬೆಯ ವಾರಿಜಾಕ್ಷಿ, ಕಾಣಿಯೂರಿಗೆ ಮದುವೆಯಾಗಿ ಹೋದ ಅವಳ ತಂಗಿ ಪಂಕಜಾಕ್ಷಿ. ಈ ಇಬ್ಬರಲ್ಲಿ ಚೆನ್ನೆಮಣೆ ಆಟಕ್ಕೆ ಯಾರು ಗಟ್ಟಿ ಎಂಬ ಪ್ರಶ್ನೆ ನಲ್ವತ್ತು ವರ್ಷದಿಂದ ಹಾಗೆಯೇ ಬಿದ್ದುಕೊಂಡಿತ್ತು. ತೀರ್ಮಾನ ಆಗುದಾದರೂ ಹೇಗೆ ಮಾರಾಯ್ರೆ? ಅಕ್ಕ ತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಎಂದು ನಮ್ಮಲ್ಲಿ ಕಟ್ಟಳೆ. ಆಡಿದರೆ ಇಬ್ಬರಲ್ಲಿ ಒಬ್ಬಳ ಜೀವಕ್ಕೆ ಕೇಡಂತೆ. ಏಳೇಳು ಗುಳಿಯ ಎರಡು ಸಾಲಿನ ಒಂದು ಮರದ ಮಣೆ, ಗುಳಿಗೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಕಾಳು, ಇಷ್ಟರಲ್ಲಿ ಜೀವಕ್ಕೆ ಕೇಡು ಎಲ್ಲಿಂದ ಬಂತು ಎಂದು ಕೇಳಿದರೆ ಅಜ್ಜಿಯಂದಿರು ತಲೆಗೆ ಮೊಟಕುತ್ತಿದ್ದರು. ಅದೂ ಆಡುದು ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ. ಮುಂದಿನ ಸೋಣ ತಿಂಗಳ ಸಂಕ್ರಮಣ ಬಂತೆಂದರೆ ಮಣೆ ಅಟ್ಟಕ್ಕೆ, ಮತ್ತೆ ಹನ್ನೊಂದು ತಿಂಗಳು ಅದನ್ನು ಮುಟ್ಟಲಿಕ್ಕಿಲ್ಲ.

ಹಾಗಾಗಿ ವಾರಿಜಕ್ಕ ಪೆರಾಬೆಯ ಹೆಂಗಸರನ್ನೆಲ್ಲ ಸೋಲಿಸಿದಳು, ಪಂಕಜಕ್ಕ ಕಾಣಿಯೂರಿನವರನ್ನೆಲ್ಲ ಸೋಲಿಸಿದಳು. ಮದುವೆ ಮುಂಜಿಗೆ ಸೇರಿದಾಗ ಯಾರಾದರೂ ಒಬ್ಬರು "ನಿಮ್ಮಿಬ್ಬರಲ್ಲಿ ಮೇಲು ಯಾರು?" ಎಂದು ಕೇಳಿಯೇ ಕೇಳುತ್ತಿದ್ದರು. ಪಂಕಜಕ್ಕ ನಕ್ಕು ಸುಮ್ಮನಾಗುತ್ತಿದ್ದಳು. ವಾರಿಜಕ್ಕನಿಗೆ ಆ ನಗು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ತಂಗಿಯ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಐವತ್ತೆಂಟು ವಯಸ್ಸಾಗಿ, ಕಣ್ಣಿಗೆ ಕನ್ನಡಕ ಬಂದು, ಮೊಣಕಾಲು ಕಟಕಟ ಎನ್ನುವ ಕಾಲ ಬಂದರೂ ಇದೊಂದು ಗೊತ್ತಾಗದೆ ಸಾಯುದು ಹೇಗೆ ಎಂಬ ಚಿಂತೆ ಅವಳಿಗೆ ನಿಜವಾಗಿಯೂ ಇತ್ತು.

ಎಂಬತ್ತನಾಲ್ಕನೇ ಇಸವಿಯ ಆಟಿಗೆ ಸ್ವಲ್ಪ ಮೊದಲು ಪಂಕಜಕ್ಕ ಅಂಗಳದ ಪಾಚಿಯಲ್ಲಿ ಜಾರಿ ಬಲಗಾಲಿನ ಮಣಿಗಂಟು ಮುರಿದುಕೊಂಡಳು. ಪುತ್ತೂರಿನಲ್ಲಿ ಪ್ಲಾಸ್ಟರು ಹಾಕಿಸಿ, ಕಾಣಿಯೂರಿನ ಮನೆಗೆ ಗುಡ್ಡ ಹತ್ತಿ ಹೋಗಲಿಕ್ಕಾಗದೆ ಅಕ್ಕನ ಮನೆಗೆ ಬಂದು ಕೂತಳು. ಆಟಿ ತಿಂಗಳು, ಅಟ್ಟದಿಂದ ಇಳಿದ ಚೆನ್ನೆಮಣೆ, ಒಂದೇ ಮನೆಯಲ್ಲಿ ಅಕ್ಕ ತಂಗಿ. ಆಡಲಿಕ್ಕೆ ಮಾತ್ರ ಇಲ್ಲ!

ಆಗ ಬಂದ ನೋಡಿ ಇಬ್ರಾಹಿಂ. ಕೆಳಗಿನ ಮನೆಯ ಜೈನಬಮ್ಮನ ಮಗ, ದುಬಾಯಿಯಿಂದ ರಜೆಯಲ್ಲಿ ಬಂದವನು. ಸಣ್ಣವನಿರುವಾಗ ಆಟಿಯಲ್ಲಿ ದಿನಾ ಬಂದು ವಾರಿಜಕ್ಕನ ಎದುರು ಚೆನ್ನೆಗೆ ಕೂತು, ದಿನಾ ಸೋತು, ದಿನಾ ಅತ್ತು ಹೋಗುತ್ತಿದ್ದವನು. ಈಗ ಮೀಸೆ ಬಿಟ್ಟುಕೊಂಡು ಜಗಲಿಯಲ್ಲಿ ಕೂತು, ಕಿಸೆಯಿಂದ ಅಂಗೈಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತೆಗೆದು ವಾರಿಜಕ್ಕನ ಕೈಯಲ್ಲಿಟ್ಟ.

"ಅಂಗಡಿಯಲ್ಲಿ ನೋಡಿದ ಕೂಡಲೇ ನಿಮ್ಮ ನೆನಪಾಯಿತು ವಾರಿಜಕ್ಕ. ಇದು ಎದುರಿಗೆ ಜನ ಬೇಡದ ಚೆನ್ನೆ. ವೀಡಿಯೋ ಗೇಮ್ ಅಂತ ಹೇಳುದು."

ಪೆಟ್ಟಿಗೆಯ ನಡುವೆ ಬೂದಿ ಬಣ್ಣದ ಪುಟ್ಟ ಗಾಜು, ಎಡಕ್ಕೊಂದು ಬಲಕ್ಕೊಂದು ಕೆಂಪು ಬಟನು. ಗಾಜಿನೊಳಗೆ ಮೇಲೆ ಮರದಲ್ಲಿ ಮಂಗ, ಕೆಳಗೆ ಬುಟ್ಟಿ ಹಿಡಿದ ಒಬ್ಬ ಮನುಷ್ಯ. ಮಂಗ ಹಣ್ಣು ಎಸೆಯುತ್ತದೆ, ಇವನು ಓಡಿ ಹಿಡಿಯಬೇಕು. ಮೂರು ಹಣ್ಣು ನೆಲಕ್ಕೆ ಬಿದ್ದರೆ ಆಟ ಮುಗಿಯಿತು. ಎಷ್ಟು ಹಿಡಿದೆ ಎಂಬುದು ಮೂಲೆಯಲ್ಲಿ ಅಂಕೆಯಾಗಿ ಬರುತ್ತದೆ. ನೂರಾದ ಕೂಡಲೇ ಪೀಂಪೀಂ ಎಂದು ಒಂದು ರಾಗ, ಆಮೇಲೆ ಮಂಗನ ಕೈ ಜೋರು. ಇನ್ನೂರಕ್ಕೆ ಇನ್ನೂ ಜೋರು.

"ಅದಕ್ಕೆ ಲೆವೆಲ್ ಅನ್ನುದು," ಎಂದ ಇಬ್ರಾಹಿಂ.

"ಮೆಟ್ಟಿಲು ಅನ್ನು ಮಾರಾಯ. ಎಷ್ಟು ಮೆಟ್ಟಿಲು ಉಂಟು?"

"ಯಾರಿಗೆ ಗೊತ್ತು! ನಮ್ಮ ರೂಮಿನಲ್ಲಿ ಹನ್ನೊಂದು ಜನ ಇದ್ದೇವೆ. ನಾಲ್ಕು ದಾಟಿದವರು ಇಲ್ಲ. ಪೆಶಾವರದವನೊಬ್ಬ ಹೇಳ್ತಾನೆ, ಹತ್ತನೆಯ ಮೆಟ್ಟಿಲಿಗೆ ಹೋದರೆ ಮಂಗ ಮರದಿಂದ ಇಳಿದು ಬಂದು ನಮಗೆ ಕೈ ಮುಗಿಯುತ್ತದಂತೆ."

"ಅವನು ನೋಡಿದ್ದಾನಾ?"

"ಅವನ ಭಾವನ ದೋಸ್ತಿ ನೋಡಿದ್ದಂತೆ."

ವಾರಿಜಕ್ಕ ಜೋರಾಗಿ ನಕ್ಕಳು. ಆದರೆ ಆ ಮಂಗ ಇಳಿದು ಬರುವುದು ಅವಳ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ಹತ್ತನೆಯ ಮೆಟ್ಟಿಲೆಂದರೆ ಸಾವಿರ ಹಣ್ಣು.

ಈಗ ತಕರಾರು ಎದ್ದದ್ದು ಅವಳ ಗಂಡ ತ್ಯಾಂಪಣ್ಣನಿಂದ. ಊರಿನ ಬೇಲಿ ಜಗಳ, ನೀರಿನ ಜಗಳ ಎಲ್ಲ ಬಗೆಹರಿಸಿ ಅಭ್ಯಾಸವಾದ ಮನುಷ್ಯ. ಎಲೆಯಡಿಕೆ ಬಾಯಿಗೆ ಹಾಕಿ ತೀರ್ಪು ಕೊಟ್ಟ. "ಕೊಟ್ಟವನು ಚೆನ್ನೆ ಅಂತ ಹೇಳಿ ಕೊಟ್ಟಿದ್ದಾನೆ. ಹಾಗಾದರೆ ಅದು ಚೆನ್ನೆಯೇ. ಆಟಿ ಮುಗಿದ ಕೂಡಲೇ ಮಣೆಯ ಒಟ್ಟಿಗೆ ಅಟ್ಟಕ್ಕೆ ಹೋಗಬೇಕು. ಮತ್ತೆ ಅಕ್ಕ ತಂಗಿ ಎದುರುಬದುರು ಕೂತು ಮುಟ್ಟಬಾರದು."

"ಇದರಲ್ಲಿ ಎದುರುಬದುರು ಎಂಬುದೇ ಇಲ್ಲವಲ್ಲ ಭಾವ," ಎಂದಳು ಪಂಕಜಕ್ಕ.

"ನನ್ನ ಹತ್ರ ವಾದ ಬೇಡ. ಜೀವಕ್ಕೆ ಕೇಡಾದರೆ ನಿನ್ನ ಗಂಡನಿಗೆ ಉತ್ತರ ಹೇಳುದು ನಾನು."

ಎದುರು ಕೂರಬಾರದು ತಾನೆ? ಮರುದಿನದಿಂದ ಅಕ್ಕ ತಂಗಿ ಬೆನ್ನಿಗೆ ಬೆನ್ನು ಕೊಟ್ಟು ಕೂತರು! ಪಡಸಾಲೆಯ ನಡುವೆ ಚಾಪೆ. ಪಂಕಜಕ್ಕನ ಪ್ಲಾಸ್ಟರಿನ ಕಾಲು ದಿಂಬಿನ ಮೇಲೆ. ಒಬ್ಬಳು ಆಡುವಾಗ ಇನ್ನೊಬ್ಬಳು ಆಚೆ ಮುಖ ಮಾಡಿ ಹಲಸಿನ ಬೀಜದ ಸಿಪ್ಪೆ ತೆಗೆಯುವುದು. ತ್ಯಾಂಪಣ್ಣ ಬಾಗಿಲಲ್ಲಿ ನಿಂತು ನೋಡಿದ, ತಪ್ಪು ಹುಡುಕಿದ, ಸಿಗಲಿಲ್ಲ, ಹೋದ. ಸೊಸೆ ಲೋಲಾಕ್ಷಿ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಹೊಸದಾಗಿ ಒಂದೊಂದು ನೂರು ದಾಟಿದರೆ ಒಂದೊಂದು ಕಾಳು ಎಂದು ವಾರಿಜಕ್ಕ ಕಟ್ಟಳೆ ಮಾಡಿದಳು. ಚೆನ್ನೆಮಣೆಯ ಈಚೆ ಸಾಲಿನ ಒಂದು ಗುಳಿ ಅಕ್ಕನದು, ಆಚೆ ಸಾಲಿನ ಒಂದು ಗುಳಿ ತಂಗಿಯದು. ಯಾರು ಎಷ್ಟು ಮೇಲೆ ಹೋಗಿದ್ದಾರೆ ಎಂಬುದು ಮನೆಗೆ ಬಂದವರಿಗೆಲ್ಲ ಕಾಣಬೇಕಲ್ಲ! ನೂರರ ಒಳಗೆ ಸತ್ತವರಿಗೆ ಕಾಳು ಇಲ್ಲ, ತಮಾಷೆ ಮಾತ್ರ.

ಮೊದಲ ದಿನ ವಾರಿಜಕ್ಕ ಮೂವತ್ತೊಂದರಲ್ಲಿ ಬಿದ್ದಳು. ಮತ್ತೆ ನಲ್ವತ್ತು. ಮತ್ತೆ ಹತ್ತೊಂಬತ್ತು. ಮೂರನೆಯ ದಿನ ನೂರಾಗಿ ಪೀಂಪೀಂ ರಾಗ ಬಂದಾಗ ಅವಳಿಗೆ ಹುಡುಗಿಯ ಹಾಗೆ ಎದೆ ಹೊಡೆದುಕೊಂಡಿತು. ಆ ಎರಡು ಸೆಕೆಂಡಿನ ರಾಗ ಯಾರೋ ತನ್ನನ್ನೇ ಹೆಸರು ಹಿಡಿದು ಕರೆದ ಹಾಗೆ ಕೇಳಿತು. ಆದರೆ ಆ ಆಟಕ್ಕೆ ದಯೆ ದಾಕ್ಷಿಣ್ಯ ಎಂತದೂ ಇಲ್ಲ. ಎಲ್ಲಿ ಬಿದ್ದರೂ ಮತ್ತೆ ಒಂದರಿಂದ. ಮುನ್ನೂರರಲ್ಲಿ ಬಿದ್ದರೂ ಒಂದರಿಂದ. ಮೊದಲ ಇನ್ನೂರು ಹಣ್ಣು ಹಿಡಿಯುವುದೆಂದರೆ ಭತ್ತ ಕುಟ್ಟಿದ ಹಾಗೆ. ಕಷ್ಟ ಅಲ್ಲ, ಬೇಸರ. ನಿಧಾನಕ್ಕೆ ಬೀಳುವ ಅದೇ ಹಣ್ಣು, ಅದೇ ಮಂಗ, ಅದೇ ಓಟ. ಮೇಲಿನ ಮೆಟ್ಟಿಲಿನಲ್ಲಿ ಅರ್ಧ ನಿಮಿಷ ನಿಲ್ಲಲಿಕ್ಕೆ ಕೆಳಗೆ ಅರ್ಧ ಗಂಟೆ ಜೀತ ಮಾಡಬೇಕು. ಹೆಬ್ಬೆರಳು ಊದಿತು. ಲೋಲಾಕ್ಷಿ ತೆಂಗಿನೆಣ್ಣೆ ಬಿಸಿ ಮಾಡಿ ತಿಕ್ಕಿದಳು. "ಎಂತಕ್ಕೆ ಅತ್ತೆ ಈ ಪಾಡು?" ಎಂದು ಕೇಳಿದರೆ ವಾರಿಜಕ್ಕ ಇನ್ನೊಂದು ಹೆಬ್ಬೆರಳನ್ನೂ ಮುಂದೆ ಚಾಚಿದಳು.

ಒಂದು ವಾರ ಮುನ್ನೂರ ನಲ್ವತ್ತರ ಆಚೆ ಹೋಗಲಿಕ್ಕೇ ಆಗಲಿಲ್ಲ. ಅದೇ ಜಾಗದಲ್ಲಿ ಮಂಗ ಎರಡು ಹಣ್ಣನ್ನು ಒಟ್ಟಿಗೆ ಎಸೆಯುತ್ತಿತ್ತು, ಅದೇ ಜಾಗದಲ್ಲಿ ಇವಳು ಬೀಳುತ್ತಿದ್ದಳು. "ಈ ಮಂಗನ ಮನೆ ಹಾಳಾಗ!" ಎಂದು ಪೆಟ್ಟಿಗೆಯನ್ನು ಚಾಪೆಗೆ ಒಗೆದಳು. ಮರುದಿನ ಎಂತಾಯಿತೋ ದೇವರಿಗೇ ಗೊತ್ತು, ಮುನ್ನೂರ ನಲ್ವತ್ತು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ನೋಡಿದರೆ ನಾನೂರ ಎಂಬತ್ತು! ತಾನು ಯೋಚನೆ ಮಾಡುವ ಮೊದಲೇ ತನ್ನ ಹೆಬ್ಬೆರಳಿಗೆ ತಿಳಿದಿರುತ್ತಿತ್ತು. ವಾರಿಜಕ್ಕ ಆಟ ಮುಗಿಸಿ ತನ್ನ ಎರಡು ಕೈಗಳನ್ನು ಬಿಡಿಸಿ ನೋಡಿಕೊಂಡಳು. ಕಣ್ಣು, ಕಾಲು, ಹಲ್ಲು ಎಲ್ಲ ಒಂದೊಂದಾಗಿ ಕೈಕೊಡುವ ಈ ವಯಸ್ಸಿನಲ್ಲಿ ಇದೊಂದು ಮೇಲೆ ಹೋಗುತ್ತಾ ಉಂಟಲ್ಲ! ನಿನ್ನೆ ಬಾರದ್ದು ಇವತ್ತು ಬರುತ್ತದಲ್ಲ! ಇದನ್ನು ಯಾರ ಹತ್ತಿರ ಹೇಳುದು ಎಂದು ತಿಳಿಯದೆ ಬೆನ್ನ ಹಿಂದಿದ್ದ ತಂಗಿಯ ಹತ್ತಿರ, "ಪಂಕಜ, ನನ್ನ ಕೈಗೆ ಪ್ರಾಯ ತಿರುಗಿ ಬಂದಿದೆ," ಎಂದಳು.

"ನನ್ನದಕ್ಕೂ ಅಕ್ಕ," ಎಂದಳು ಪಂಕಜಕ್ಕ.

ಅದು ನಿಜವೇ ಆಗಿತ್ತು. ಆಟಿ ಅರ್ಧ ಕಳೆಯುವಾಗ ಅಕ್ಕನ ಗುಳಿಯಲ್ಲಿ ಆರು ಕಾಳು, ತಂಗಿಯದರಲ್ಲಿ ಎಂಟು. ತಂಗಿ ಎಂಟುನೂರ ಹನ್ನೆರಡಕ್ಕೆ ಹೋಗಿದ್ದಳು. ನೋಡಲಿಕ್ಕೆ ಬಂದವರೆಲ್ಲ ತಂಗಿಯ ಗುಳಿಯ ಕಡೆಗೇ ಬೆರಳು ತೋರಿಸುತ್ತಿದ್ದರು. ನಲ್ವತ್ತು ವರ್ಷದ ಪ್ರಶ್ನೆಗೆ ಉತ್ತರ ಹೀಗೆ ಬರುದಾ ಎಂದು ವಾರಿಜಕ್ಕನಿಗೆ ಊಟ ಸೇರಲಿಲ್ಲ. ಅಷ್ಟರಲ್ಲಿ ಗಾಜಿನೊಳಗಿನ ಮಂಗ ಮಾಸಲಾಗತೊಡಗಿತು. ಸೆಲ್ಲು ಸಾಯುತ್ತಿತ್ತು. ಇಬ್ರಾಹಿಂ ದುಬಾಯಿಗೆ ಮರಳಿ ಆಗಿತ್ತು. ತ್ಯಾಂಪಣ್ಣ ಪುತ್ತೂರಿಗೆ ಹೋದವನು ವಾಚಿನ ಅಂಗಡಿಯಲ್ಲಿ ಕೇಳಿ, "ಆ ಅಳತೆಯ ಸೆಲ್ಲು ಇಲ್ಲಿ ಇಲ್ಲವಂತೆ, ಬೊಂಬಾಯಿಂದ ತರಿಸಬೇಕಂತೆ," ಎಂದು ಬರಿಗೈಯಲ್ಲಿ ಬಂದ.

ಆಮೇಲೆ ಆ ದಿವಸ. ಕಡಬದಲ್ಲಿ ತೀರಿಹೋದ ಸಂಬಂಧಿಕರೊಬ್ಬರ ಬೊಜ್ಜದ ಊಟ. ವಾರಿಜಕ್ಕ, ತ್ಯಾಂಪಣ್ಣ ಬೆಳಿಗ್ಗೆಯೇ ಹೋದರು. ಕಾಫಿಯ ಹೊತ್ತಿಗೆ ವಾಪಸು ಬಂದರೆ ಪಂಕಜಕ್ಕ ಚಾಪೆಯ ಮೇಲೆ ಒಬ್ಬಳೇ ಕೂತಿದ್ದಳು. ಪೆಟ್ಟಿಗೆ ಮಡಿಲಲ್ಲಿ. ಮುಖ ಎಂತದೋ ಆಗಿತ್ತು. ದೇವಸ್ಥಾನದ ನಡೆಯಲ್ಲಿ ಕೈ ಮುಗಿದು ಬಂದವರ ಮುಖದ ಹಾಗೆ.

"ಚಿಕ್ಕತ್ತೆ ಊಟ ಮಾಡಿ ಕೂತವರು ಈಗಷ್ಟೇ ತಲೆ ಎತ್ತಿದ್ದು," ಎಂದಳು ಹಿತ್ತಿಲಿಂದ ಬಂದ ಲೋಲಾಕ್ಷಿ.

ವಾರಿಜಕ್ಕ ಸೀದಾ ಚಾಪೆಯ ಹತ್ತಿರ ಬಂದಳು. "ಎಷ್ಟಾಯಿತು?" ಎಂದು ಬಗ್ಗಿ ನೋಡಿದಳು. ಗಾಜಿನ ಮೂಲೆಯಲ್ಲಿ ಹನ್ನೆರಡು ಎಂದಿತ್ತು.

"ಹನ್ನೆರಡಾ? ಮಧ್ಯಾಹ್ನದಿಂದ ಕೂತು ಹನ್ನೆರಡಾ?" ವಾರಿಜಕ್ಕ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಂಬಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಿದ್ದೆ ಮಾಡಿದ್ದೆಯಾ ಹೇಗೆ?" ತ್ಯಾಂಪಣ್ಣ ನಕ್ಕ, ಲೋಲಾಕ್ಷಿ ನಕ್ಕಳು. ಪಂಕಜಕ್ಕ ಅಕ್ಕನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಮತ್ತೆ, "ಹೌದು ಅಕ್ಕ, ಹನ್ನೆರಡು," ಎಂದಳು.

ಆ ದಿನದಿಂದ ಅವಳು ಪೆಟ್ಟಿಗೆ ಮುಟ್ಟಲಿಲ್ಲ. "ಸೆಲ್ಲು ಸ್ವಲ್ಪವೇ ಇರುದು. ನೀನು ಆಡು," ಎಂದು ಬೆನ್ನು ತಿರುಗಿಸಿ ಬೀಜದ ಸಿಪ್ಪೆ ತೆಗೆಯುತ್ತಾ ಕೂತಳು. ಅವಮಾನ ಆಗಿರಬೇಕು ಎಂದುಕೊಂಡಳು ವಾರಿಜಕ್ಕ. ಪಾಪ ಎನಿಸಿತು. ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಬೇಕು.

ಆಟಿಯ ಕೊನೆಯ ದಿನ ಬಂತು. ಸಂಜೆ ತ್ಯಾಂಪಣ್ಣ ಮಣೆಯನ್ನೂ ಪೆಟ್ಟಿಗೆಯನ್ನೂ ಅಟ್ಟಕ್ಕೆ ಹಾಕುವವನು. ಮಧ್ಯಾಹ್ನ ಊಟವಾಗಿ ಅವನು ಮಲಗಿದ, ಲೋಲಾಕ್ಷಿ ಸಂಕ್ರಮಣಕ್ಕೆಂದು ದೇವರ ದೀಪಗಳನ್ನು ತೊಳೆಯಲು ಬಾವಿಕಟ್ಟೆಗೆ ಹೋದಳು. ಮಳೆ ಬಿಟ್ಟು ಹೊರಗೆ ಕಣ್ಣು ಚುಚ್ಚುವ ಆಟಿಯ ಬಿಸಿಲು. ಕಿಟಕಿಯಿಂದ ಬಿದ್ದ ಬೆಳಕಿಗೆ ಗಾಜನ್ನು ಓರೆ ಮಾಡಿ ಹಿಡಿದರೆ ಮಾತ್ರ ಮಂಗ ಕಾಣುತ್ತಿತ್ತು. ವಾರಿಜಕ್ಕ ತಂಗಿಯ ಬೆನ್ನಿಗೆ ಬೆನ್ನು ಒತ್ತಿ ಕೂತು ಬಟನು ಒತ್ತಿದಳು. ಇದೇ ಕೊನೆಯ ಆಟ ಎಂದು ಇಬ್ಬರಿಗೂ ಗೊತ್ತಿತ್ತು.

ನೂರು. ಇನ್ನೂರು. ಬೇಸರದ ಆ ದಾರಿ ಇವತ್ತು ಬೇಸರ ಅನ್ನಿಸಲಿಲ್ಲ. ಪ್ರತಿ ಕಲ್ಲೂ ಪರಿಚಯದ ದಾರಿ. ನಾನೂರು, ಐನೂರು. ಆರುನೂರರ ರಾಗ ಬಂದಾಗ ಹಿಂದೆ ಬೀಜದ ಸಿಪ್ಪೆಯ ಸದ್ದು ನಿಧಾನವಾಯಿತು. ಎಂಟುನೂರ ಹನ್ನೆರಡು, ಎಂಟುನೂರ ಹದಿಮೂರು. ತಂಗಿಯನ್ನು ದಾಟಿಯಾಯಿತು! ಕೂಗಿ ಹೇಳಬೇಕೆಂದು ತಿಂಗಳಿಡೀ ಕಾದಿದ್ದವಳಿಗೆ ಈಗ ಕೂಗುವ ಮನಸ್ಸೇ ಬರಲಿಲ್ಲ. ಹಣ್ಣುಗಳು ಮಳೆಯ ಹಾಗೆ ಬೀಳುತ್ತಿದ್ದವು, ಆದರೆ ಅವಳ ಒಳಗೆ ಒಂದು ದೊಡ್ಡ ಮೌನ. ಕೈ ಆಡುತ್ತಿತ್ತು, ಅವಳು ನೋಡುತ್ತಿದ್ದಳು. ಇದು ನನ್ನ ಕೈಯಾ? ಇಷ್ಟು ವರ್ಷ ಇದು ಎಲ್ಲಿತ್ತು? ಒಂಬೈನೂರು ಎಂದು ರಾಗ ಬಂತು. ಬೆನ್ನ ಹಿಂದೆ ಸಿಪ್ಪೆಯ ಸದ್ದು ಪೂರ್ತಿ ನಿಂತಿತು. ತಂಗಿ ಉಸಿರು ಬಿಗಿ ಹಿಡಿದದ್ದು ಅವಳ ಬೆನ್ನಿಗೆ ಗೊತ್ತಾಗುತ್ತಿತ್ತು. ಮಂಗ ಇಳಿದು ಬರುತ್ತದಾ? ನಿಜವಾಗಿ ಕೈ ಮುಗಿಯುತ್ತದಾ? ಒಂಬೈನೂರ ತೊಂಬತ್ತೇಳು. ತೊಂಬತ್ತೆಂಟು. ತೊಂಬತ್ತೊಂಬತ್ತು.

ಮುಂದಿನ ಹಣ್ಣು ಬುಟ್ಟಿಗೆ ಬಿತ್ತು. ಮೂಲೆಯ ಅಂಕೆಗಳೆಲ್ಲ ಹೋದವು. ಮೂರೇ ಅಂಕೆ ಹಿಡಿಯುವ ಆ ಜಾಗದಲ್ಲಿ ಒಂದೇ ಒಂದು ಸೊನ್ನೆ.

ರಾಗ ಇಲ್ಲ. ಮಂಗ ಇಳಿಯಲಿಲ್ಲ. ಮರದಲ್ಲೇ ಕೂತು, ಮೊದಲ ದಿನ ಎಸೆದ ಹಾಗೆ, ಅಷ್ಟೇ ನಿಧಾನವಾಗಿ ಒಂದು ಹಣ್ಣು ಎಸೆಯಿತು. ಕೆಳಗೆ ಆ ಮನುಷ್ಯ ಬುಟ್ಟಿ ಹಿಡಿದು ನಿಂತಿದ್ದ, ಏನೂ ಆಗಲೇ ಇಲ್ಲವೆಂಬ ಹಾಗೆ.

ವಾರಿಜಕ್ಕನ ಮೈಯೆಲ್ಲ ರೋಮ ನಿಂತಿತು. ಅಬ್ಬಾ! ಒಂದು ತಿಂಗಳು ಹತ್ತಿ ಹತ್ತಿ ಬಂದು ನೋಡಿದರೆ ಮೇಲೆ ಇರುವುದು ಇದಾ? ಮತ್ತೆ ಅಂಗಳವಾ? ಅವಳಿಗೆ ಮೋಸ ಹೋದೆ ಎನಿಸಬೇಕಿತ್ತು, ಎನಿಸಲಿಲ್ಲ. ಯಾರೂ ಇಲ್ಲದ ಕಡೆ ಬಂದು ನಿಂತ ಹಾಗೆ, ದೊಡ್ಡದೊಂದರ ಎದುರು ಒಬ್ಬಳೇ ಇದ್ದ ಹಾಗೆ ಎನಿಸಿತು. ಹೆಬ್ಬೆರಳು ತನ್ನಷ್ಟಕ್ಕೆ ಒತ್ತಿತು. ಒಂದು. ಎರಡು. ಮೂರು.

ಆಗ ಅವಳಿಗೆ ಹೊಳೆಯಿತು. ಊಟ ಮಾಡಿ ಕೂತವಳು ಕಾಫಿಯ ಹೊತ್ತಿಗೆ ತಲೆ ಎತ್ತಿದ್ದು. ಆ ಮುಖ. ಹನ್ನೆರಡು.

"ಪಂಕಜ," ಎಂದಳು. "ಆ ದಿವಸದ ನಿನ್ನ ಹನ್ನೆರಡು... ಇಲ್ಲಿಗೆ ಬಂದ ಮೇಲಿನ ಹನ್ನೆರಡಾ?"

ಬೆನ್ನ ಹಿಂದೆ ಪಂಕಜಕ್ಕ ಕೈಯಲ್ಲಿದ್ದ ಬೀಜವನ್ನು ಕೆಳಗಿಟ್ಟಳು.

"ಸೊನ್ನೆ ಬಂತಾ ಅಕ್ಕ?"

"ಬಂತು."

"ನನಗೆ ಹೆದರಿಕೆಯೇ ಆಯಿತು ಅಕ್ಕ. ಬೆರಳು ತಪ್ಪಿ ಹನ್ನೆರಡಕ್ಕೇ ಬಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ? ನಾನು ಅಷ್ಟು ನಕ್ಕೆನಲ್ಲ, ಮೂದೇವಿಯ ಹಾಗೆ! ಒಂದು ಮಾತು ಹೇಳಲಿಕ್ಕೆ ನಿನಗೆ ಎಂತ ಆಗಿತ್ತು?"

"ಹೇಳಿಬಿಟ್ಟರೆ ನಿನಗೆ ನೋಡಲಿಕ್ಕೆ ಎಂತ ಉಳಿಯುತ್ತಿತ್ತು?" ಎಂದಳು ಪಂಕಜಕ್ಕ. "ಅಲ್ಲಿ ಎಂತ ಉಂಟು ಅಂತ ಗೊತ್ತಿಲ್ಲದೆ ಹೋಗಿ ನೋಡಬೇಕು ಅಕ್ಕ. ನಾನು ಹಾಗೆ ನೋಡಿದೆ. ನೀನೂ ಹಾಗೆಯೇ ನೋಡಬೇಕಿತ್ತು."

ವಾರಿಜಕ್ಕನ ಕಣ್ಣು ತುಂಬಿ ಮಾಸಿದ ಮಂಗ ಇನ್ನೂ ಮಾಸಿತು. ಹತ್ತು ದಿನ ಇವಳು ಬಾಯಿ ಬಿಡಲಿಲ್ಲ. ಊರೆಲ್ಲ ನಗುವಾಗಲೂ ಬಿಡಲಿಲ್ಲ. ಉಳಿದ ಸೆಲ್ಲನ್ನು ಮುಟ್ಟದೆ ನನಗೆ ಬಿಟ್ಟಳು, ನಾನು ಅದನ್ನು ಅವಮಾನ ಅಂದುಕೊಂಡೆ. ಈ ಬೆನ್ನಿಗೆ ಒರಗಿಕೊಂಡೇ ತಾನು ಇವಳನ್ನು ಸೋಲಿಸುವ ದಾರಿ ಹುಡುಕುತ್ತಿದ್ದದ್ದು! ಸೊನ್ನೆ ನೋಡಿದಾಗ ಆದ ಬೆರಗು ಈಗ ತಂಗಿಯ ಮೇಲೆ ಬಂತು. ಅದಕ್ಕಿಂತ ದೊಡ್ಡದಾಗಿ ಬಂತು.

ಹಣ್ಣು ನಿಧಾನಕ್ಕೆ ಬೀಳುತ್ತಲೇ ಇತ್ತು. ಹತ್ತು. ಹನ್ನೊಂದು. ಹನ್ನೆರಡು.

ಇನ್ನೊಂದು ಹಣ್ಣು ಹಿಡಿದರೆ ಸಾಕು. ನಲ್ವತ್ತು ವರ್ಷದ ಪ್ರಶ್ನೆ ಮುಗಿಯುತ್ತದೆ. ಹಣ್ಣು ಮಂಗನ ಕೈಯಿಂದ ಬಿಟ್ಟಿತು, ಎಡಗಡೆಗೆ, ಕುರುಡರೂ ಹಿಡಿಯುವಷ್ಟು ನಿಧಾನಕ್ಕೆ. ಹೆಬ್ಬೆರಳು ಒತ್ತಲಿಕ್ಕೆ ಹೊರಟಿತು. ಒಂದು ತಿಂಗಳು ಕಲಿಸಿದ ಬೆರಳು, ಮಾತು ಕೇಳುತ್ತದಾ? ವಾರಿಜಕ್ಕ ಹಲ್ಲು ಕಚ್ಚಿ ಎರಡೂ ಬೆರಳನ್ನು ಬಟನಿನಿಂದ ಎತ್ತಿ ಹಿಡಿದಳು. ಹಣ್ಣು ನೆಲಕ್ಕೆ ಬಿತ್ತು, ಟಣ್ ಎಂದಿತು. ಇನ್ನೊಂದು ಬಿತ್ತು. ಮೂರನೆಯದೂ ಬಿತ್ತು.

"ಅಕ್ಕ! ಎಂತ ಮಾಡಿದೆ?" ಮೂರು ಟಣ್ ಕೇಳಿದ ಪಂಕಜಕ್ಕ ತಿರುಗಲಿಕ್ಕೆ ಹೊರಟಳು.

"ತಿರುಗಬೇಡ, ಜೀವಕ್ಕೆ ಕೇಡು," ಎಂದಳು ವಾರಿಜಕ್ಕ. ಪೆಟ್ಟಿಗೆಯನ್ನು ಹೆಗಲ ಮೇಲಿಂದ ಹಿಂದಕ್ಕೆ ಹಿಡಿದು ತಂಗಿಗೆ ತೋರಿಸಿದಳು. ಪಂಕಜಕ್ಕ ಅಂಕೆ ನೋಡಿದಳು. ಅವಳ ಬೆನ್ನು ಅಲುಗಾಡುತ್ತಿತ್ತು. ನಗುತ್ತಾಳೋ ಅಳುತ್ತಾಳೋ ವಾರಿಜಕ್ಕನಿಗೆ ತಿಳಿಯಲಿಲ್ಲ.

ಲೋಲಾಕ್ಷಿ ತೊಳೆದ ದೀಪಗಳನ್ನು ಹಿಡಿದು ಒಳಗೆ ಬಂದಳು. "ಎಷ್ಟಾಯಿತು ಅತ್ತೆ?"

"ಹನ್ನೆರಡು."

"ಅಯ್ಯೋ! ಕಾಳು ಇಲ್ಲ ಹಾಗಾದರೆ, ನೀವೇ ಮಾಡಿದ ಕಟ್ಟಳೆ," ಎಂದು ಅವಳು ಕಿಸಕ್ಕನೆ ನಕ್ಕಳು. ಆ ನಗುವಿಗೆ ತ್ಯಾಂಪಣ್ಣ ಎದ್ದು ಬಂದು, ಚೆನ್ನೆಮಣೆಯನ್ನು ಬಗಲಿಗೆ ಸಿಕ್ಕಿಸಿಕೊಂಡು, ಅಟ್ಟದ ಏಣಿಗೆ ಕೈ ಹಾಕಿದ.

"ಕಡೆಗೆ ಗೆದ್ದದ್ದು ಯಾರು?"

"ಸಮ, ಭಾವ," ಎಂದಳು ಪಂಕಜಕ್ಕ. "ಇಬ್ಬರಿಗೂ ಹನ್ನೆರಡು."

"ಒಂದು ತಿಂಗಳು ಕೂತು ಹನ್ನೆರಡಾ!" ಎಂದ ತ್ಯಾಂಪಣ್ಣ.

ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದ ಅಕ್ಕ ತಂಗಿ ನಕ್ಕ ನಗುವಿಗೆ ಅವನು ಏಣಿಯಲ್ಲೇ ನಿಂತು ತಿರುಗಿ ನೋಡಿದ. ಆ ಹನ್ನೆರಡು ಎಲ್ಲಿಯದು ಎಂದು ಅವರು ಹೇಳಲಿಲ್ಲ.